ಹಳೇ ಕೊಟ್ಟಿಗೆಯನ್ನು ಕುದುರೆ ಲಾಯ ಮಾಡಲು ಬಿಚ್ಚಿದ ಮನೆ ಸಾಮಾನು: ಯಾವುದು ತರಬಹುದು, ಯಾವುದು ಬೇಡ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಸುತ್ತಮುತ್ತ ಹಳೇ ಮನೆ ಬಿಚ್ಚಿಸಿ ಹೆಂಚು, ತೊಲೆ, ಕಂಬ, ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಮಾರುವವರ ಹತ್ತಿರ ಸಿಗುವ ಸಾಮಾನಿನ ವಿಮರ್ಶೆ ಇದು. ಮನೆಗಲ್ಲ, ಪಾಳುಬಿದ್ದ ದನದ ಕೊಟ್ಟಿಗೆಯನ್ನು ಕುದುರೆ ಲಾಯವಾಗಿ ಬದಲಿಸಲು. ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಎಂಟು ಅಡಿಗಿಂತ ಮೇಲೆ ಬಳಸುವುದಕ್ಕೆ ಈ ಹಳೇ ಸಾಮಾನಿಗೆ ಸಮನಾದದ್ದು ಹೊಸದರಲ್ಲಿ ಸಿಗುವುದಿಲ್ಲ. ಕುದುರೆಯ ಬಾಯಿ, ಮೈ, ಗೊರಸು ತಾಗುವ ಕೆಳಭಾಗಕ್ಕೆ ಮಾತ್ರ ಒಂದೊಂದನ್ನೂ ಅನುಮಾನದಿಂದಲೇ ನೋಡಬೇಕು.

ಕೊಳ್ಳುವ ಮುಂಚೆ ಕೊಟ್ಟಿಗೆಯನ್ನು ಅಳೆಯಿರಿ. ಮಲೆನಾಡಿನ ಕೊಟ್ಟಿಗೆಯ ಸೂರು ಆರಡಿಯ ಆಸುಪಾಸಿನಲ್ಲೇ ಇರುತ್ತದೆ, ಬಾಗಿಲು ಐದೂವರೆ ಅಡಿ. ದನ ಕಟ್ಟಿದಲ್ಲಿ ನಿಲ್ಲುತ್ತದೆ. ಕುದುರೆ ತಲೆ ಎತ್ತುತ್ತದೆ, ತಿರುಗುತ್ತದೆ, ನೆಲದಲ್ಲಿ ಹೊರಳುತ್ತದೆ. ಒಂದು ಕುದುರೆಗೆ 12 ಅಡಿಗೆ 12 ಅಡಿ ಜಾಗ, ತಲೆಯ ಮೇಲೆ ಕಡಿಮೆಯೆಂದರೂ 10 ಅಡಿ, 4 ಅಡಿ ಅಗಲದ ಬಾಗಿಲು ಬೇಕು. ಜಾಗ ಇಕ್ಕಟ್ಟಾದರೆ ಹೊರಳುವಾಗ ಕಾಲು ಗೋಡೆಗೆ ಸಿಕ್ಕಿ ಏಳಲಾಗದೆ ಒದ್ದಾಡುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೇ ಗೋಡೆಯ ಮೇಲೆ ಇನ್ನೂ ನಾಲ್ಕು ಅಡಿ ಏರಿಸಿ ಅದರ ಮೇಲೆ ಹೆಂಚಿನ ಭಾರ ಹೊರಿಸುವುದು ಅಪಾಯ. ಕಲ್ಲಿನ ಪೀಠದ ಮೇಲೆ ಹಳೇ ಕಂಬ ನಿಲ್ಲಿಸಿ, ಮಾಡನ್ನು (ಚಾವಣಿಯನ್ನು) ಪೂರ್ತಿ ಕಂಬಗಳ ಮೇಲೆ ಕೂರಿಸಿ. ಗೋಡೆ ಬರೀ ಮರೆಯಾಗಿ ಉಳಿಯಲಿ. ಬಿಚ್ಚಿದ ಮನೆಗಳ ಕಂಬ ಕೊಳ್ಳಲು ಇದೇ ಮೊದಲ ಕಾರಣ.

ಹೆಂಚು. ಕಣ್ಣು ಮುಚ್ಚಿ ಶಿಫಾರಸು ಮಾಡುವ ಸಾಮಾನು ಇದೊಂದೇ, ಅದೂ ಬೇಸಿಗೆಯಲ್ಲಿ ಕೊಂಡರೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಹರಡಿದ ಈ ಹೆಂಚಿಗೆ ಲಾಯದ ಮಟ್ಟಿಗೆ ದೊಡ್ಡ ಗುಣವೊಂದಿದೆ: ಸಂದಿಗಳಲ್ಲಿ ಉಸಿರಾಡುತ್ತದೆ. ಒಂದು ಕುದುರೆ ದಿನಕ್ಕೆ ಲದ್ದಿ, ಗಂಜಲ ಸೇರಿ ಸುಮಾರು 20 ಕೆಜಿ ಹಾಕುತ್ತದೆ. ಗಂಜಲದಿಂದ ಏಳುವ ಅಮೋನಿಯಾ ಮೇಲೆ ಹೋಗಲು ದಾರಿಯಿಲ್ಲದಿದ್ದರೆ ಮೊದಲು ಕೆಡುವುದು ಅದರ ಶ್ವಾಸಕೋಶ. ಸೋರುತ್ತದೆಂದು ಹೆಂಚಿನಡಿ ಪ್ಲಾಸ್ಟಿಕ್ ಹಾಳೆ ಹಾಸುವವರು ಈ ಗುಣವನ್ನೇ ಕೊಲ್ಲುತ್ತಾರೆ. ಸೋರಿಕೆಗೆ ಮದ್ದು ಇಳಿಜಾರು. ನಮ್ಮ ಮಳೆಗೆ 30 ಡಿಗ್ರಿಗಿಂತ ಕಡಿಮೆ ಬೇಡ, ಆಗುಂಬೆ, ಹೊಸನಗರದ ಕಡೆ ಇನ್ನೂ ಕಡಿದಾಗಿರಲಿ.

ಲೆಕ್ಕ ಹೀಗೆ: ಮೂರು ಕುದುರೆಯ ಸಾಲಿಗೆ ಸೂರು ಸೇರಿ 44 ಅಡಿ ಉದ್ದ, 24 ಅಡಿ ಅಗಲದ ಮಾಡು. ಇಳಿಜಾರು ಸೇರಿದರೆ ಸುಮಾರು 1,220 ಚದರಡಿ. ಚದರ ಮೀಟರಿಗೆ 15ರಂತೆ 1,700 ಹೆಂಚು, ಒಡೆಯುವುದಕ್ಕೆ ನೂರಕ್ಕೆ ಹತ್ತು ಹೆಚ್ಚು. ಒಂದೊಂದು ಎರಡೂವರೆ ಕೆಜಿ ಎಂದರೂ ನಾಲ್ಕು ಟನ್ ದಾಟುತ್ತದೆ, ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಹಾಗಾಗಿ ಪಕಾಸಿ (ಮಾಡಿನ ಇಳಿಜಾರಿನುದ್ದಕ್ಕೂ ಹಾಕುವ ಮರ) ಒಂದೂವರೆಯಿಂದ ಎರಡು ಅಡಿಗೊಂದು ಬೇಕು. ತಗಡು ಹೊದಿಸಿದ್ದ ಕೊಟ್ಟಿಗೆಯ ದೂರದೂರದ ಪಕಾಸಿಗಳ ಮೇಲೆ ಹೆಂಚು ಹೊದಿಸಿದರೆ ಎರಡು ಮಳೆಗಾಲದಲ್ಲಿ ಮಾಡು ಜೋಲುತ್ತದೆ.

ಹೆಂಚನ್ನು ಬೆರಳಿನ ಗೆಣ್ಣಿನಿಂದ ಬಡಿದು ನೋಡಿ: ಠಣ್ ಅಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಬಿರುಕು. ಒದ್ದೆ ಹೆಂಚು ಈ ಪರೀಕ್ಷೆಗೆ ಸಿಗುವುದಿಲ್ಲ. ಮಳೆಗಾಲದಲ್ಲಿ ಕೊಳ್ಳಬೇಡಿ ಎನ್ನುವುದು ಅದಕ್ಕೇ. ಇನ್ನೊಂದು ಮಾತು, ಇದನ್ನು ಮಾರುವವರು ಹೇಳುವುದಿಲ್ಲ. ಬೇರೆ ಬೇರೆ ಕಾರ್ಖಾನೆಯ ಹೆಂಚುಗಳ ಗಾಡಿ (ಅಂಚಿನ ತೋಡು) ಒಂದಕ್ಕೊಂದು ಕೂರುವುದಿಲ್ಲ. ಹಿಂಬದಿಯ ಮುದ್ರೆ ನೋಡಿ ಒಂದೇ ಮುದ್ರೆಯದನ್ನು ಒಂದು ಇಳಿಜಾರಿಗೆ ಇಡಿ. ಲೋಡಿನಲ್ಲಿ ಕಲಸಿ ಕೊಟ್ಟರೆ ಇಳಿಸಿಕೊಳ್ಳಬೇಡಿ. ಮಂಗಗಳ ಕಾಟ ಇರುವ ಊರಿನಲ್ಲಿ ಅದೇ ಮುದ್ರೆಯ ನೂರೈವತ್ತು ಹೆಂಚು ಮೂಲೆಯಲ್ಲಿ ಜೋಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಮರ. ಮತ್ತಿ, ಹೊನ್ನೆ, ಹೆಬ್ಬಲಸು, ನಂದಿ. ಹಳೇ ಮನೆಯ ತೊಲೆ ಹತ್ತಾರು ವರ್ಷ ಒಲೆಯ ಹೊಗೆ ಕುಡಿದು ಒಣಗಿರುತ್ತದೆ, ಇನ್ನು ಡೊಂಕಾಗುವುದಿಲ್ಲ. ಗೋಡೆಯೊಳಗೆ ಹೂತಿದ್ದ ತುದಿ ಮಾತ್ರ ಬಹುಪಾಲು ಲಡ್ಡಾಗಿರುತ್ತದೆ. ಉಳಿಯಿಂದ ಚುಚ್ಚಿ, ಮೆತ್ತಗಿದ್ದಷ್ಟನ್ನು ಕತ್ತರಿಸಿ ಉಳಿದದ್ದನ್ನೇ ಅಳೆಯಿರಿ. ಘನ ಅಡಿ ಲೆಕ್ಕದಲ್ಲಿ ಮಾರುವಾಗ ಕೊಳೆತ ತುದಿ, ಕಚ್ಚು ಕೊಯ್ದ ಭಾಗ ಎಲ್ಲ ಸೇರಿಸಿ ಅಳೆಯುವುದು ಈ ವ್ಯಾಪಾರದಲ್ಲಿ ಮಾಮೂಲು. ಇದು ಸರಿಯಲ್ಲ, ಬಿಟ್ಟುಕೊಡಬೇಡಿ. ಸಣ್ಣ ತೂತಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆಹುಳು ಇನ್ನೂ ಒಳಗಿದೆ.

ಕುದುರೆಗೆಂದೇ ನೋಡಬೇಕಾದದ್ದು ಎರಡು. ಗೆದ್ದಲಿಗೆಂದು ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದ ಮರ ನಮ್ಮಲ್ಲಿ ಬಹಳ. ಗೇರೆಣ್ಣೆ ಚರ್ಮ ಸುಡುತ್ತದೆ, ಕುದುರೆಯೋ ಬೇಸರವಾದರೆ ಮರ ಕಡಿಯುವ ಪ್ರಾಣಿ. ಆ ಮರ ಮಾಡಿಗೆ ಹೋಗಲಿ, ಕೆಳಗೆ ಬೇಡ. ಎರಡನೆಯದು ಹಳೇ ಬಣ್ಣ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಮಿತಿ ಕಾನೂನಾಗಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಬಳಿದ ಬಾಗಿಲು, ಕಿಟಕಿಗಳನ್ನು ಕುದುರೆ ನೆಕ್ಕುವ ಕಡೆ ಹಾಕಲೇಬಾರದು. ಹಳೇ ಮನೆ ಬಾಗಿಲು ಅಳತೆಗೂ ಒದಗುವುದಿಲ್ಲ: ಅಗಲ ಸಾಲದು, ಒಳಕ್ಕೆ ತೆರೆಯುತ್ತದೆ, ಹೊಸ್ತಿಲು ಎತ್ತರ, ಕುದುರೆ ಎಡವುತ್ತದೆ. ಚಂದದ ಕೆತ್ತನೆ ಕಂಡು ಮನಸೋಲಬೇಡಿ.

ಗೋಡೆಗೆ ನಾಲ್ಕು ಅಡಿ ಎತ್ತರದವರೆಗೆ ಒದೆತ ತಡೆಯುವ ಹಲಗೆ ಬೇಕು, ಎರಡು ಇಂಚು ದಪ್ಪ, ಗಟ್ಟಿ ಮರದ್ದು. ಬಾಗಿಲು ಬಿಟ್ಟು ಒಂದು ಕೋಣೆಗೆ ಸುಮಾರು 29 ಘನ ಅಡಿ. ಅಟ್ಟದ ಹಲಗೆ ಇದಕ್ಕೆ ಸರಿ, ದಪ್ಪ ಸಾಕಾದರೆ. ಅಯಸ್ಕಾಂತ ಆಡಿಸಿ ಮುರಿದ ಮೊಳೆಗಳನ್ನೆಲ್ಲ ಕೀಳಿಸಿ. ತೋಟದಲ್ಲಿ ಪುಕ್ಕಟೆ ಸಿಗುತ್ತದೆಂದು ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಹೊಡೆಯುವವರಿದ್ದಾರೆ. ಬೇಡವೇ ಬೇಡ. ಒಂದು ಒದೆತಕ್ಕೆ ಸೀಳಿ ಈಟಿಯಂಥ ಸಿಬರು ನಿಲ್ಲುತ್ತದೆ. ಹಳೇ ಕಿಟಕಿ ಸರಳನ್ನು ಮೇಲ್ಭಾಗದ ಜಾಲರಿಗೆ ಹಾಕುವುದಾದರೆ ಸಂದಿ ಮೂರು ಇಂಚು ಮೀರದಂತೆ ನಡುವೆ ಸರಳು ಸೇರಿಸಿ ಬೆಸುಗೆ ಹಾಕಿಸಿ, ಇಲ್ಲದಿದ್ದರೆ ಗೊರಸು ಸಿಕ್ಕುತ್ತದೆ.

ಜಂಬಿಟ್ಟಿಗೆ ಗಾಳಿಗೆ ಬಿದ್ದಷ್ಟೂ ಗಟ್ಟಿಯಾಗುವ ಕಲ್ಲು, ಹಳೆಯದೇ ವಾಸಿ. ಹಳೇ ಕೊಟ್ಟಿಗೆಯ ಕೆಳಗಿನ ಎರಡು ಸಾಲು ಮಾತ್ರ ಬಿಡಿ. ವರ್ಷಗಟ್ಟಲೆ ಗಂಜಲ ಹೀರಿ ಉಪ್ಪು ಹೊಮ್ಮುತ್ತಿರುತ್ತದೆ, ಮೇಲೆ ಏನು ಬಳಿದರೂ ಉದುರುತ್ತದೆ.

ನೆಲವೇ ಹೆಚ್ಚು ಕೆಡುವ ಜಾಗ. ಹಳೇ ಚಪ್ಪಡಿ ಕಲ್ಲು ನೋಡಲು ಚೆಂದ, ಲಾಳ ಕಟ್ಟಿದ ಕಾಲಿಗೆ ಜಾರುತ್ತದೆ. ಅದನ್ನು ಅಂಗಳಕ್ಕೆ ಹಾಕಿ. ಸಗಣಿ ಕುಡಿದ ಮಣ್ಣನ್ನು ಒಂದಡಿ ಅಗೆದು ತೆಗೆಯಬೇಕು. ಮೈಲುತುತ್ತ, ತೋಟದ ಔಷಧಿ ಇಟ್ಟಿದ್ದ ಮೂಲೆಯಾದರೆ ಇನ್ನೂ ಆಳಕ್ಕೆ. ಮೇಲೆ ಆರಿಂಚು ಒಡೆದ ಕಲ್ಲು, ನಾಲ್ಕಿಂಚು ಕ್ರಷರ್ ಪುಡಿ ಹಾಕಿ ದಮ್ಮಸ್ಸು ಮಾಡಿ, 12 ಅಡಿಗೆ ಎರಡೂವರೆ ಇಂಚು ಇಳಿಜಾರು ಕೊಡಿ. ಒಳನೆಲ ಹೊರಗಿನದಕ್ಕಿಂತ ಒಂದಡಿ ಎತ್ತರ ಇರಲಿ. ಹಿಂದೆ ಧರೆ (ಕಡಿದಾದ ಮಣ್ಣಿನ ದಿಬ್ಬ) ಇದ್ದರೆ ಅದರ ಬುಡದಲ್ಲಿ ಕಾಲುವೆ ತೆಗೆಯದೆ ಬೇರೆ ಕೆಲಸಕ್ಕೆ ಕೈ ಹಾಕಬೇಡಿ. ಶ್ರಾವಣದಲ್ಲಿ ಜಲ ಎದ್ದರೆ ಯಾವ ನೆಲವೂ ನಿಲ್ಲುವುದಿಲ್ಲ, ಗೊರಸು ಕೊಳೆಯಲು ಶುರುವಾಗುತ್ತದೆ.

ಹಾಸಿಗೆಯ ಅಡಿಗೆ ಗಣಿ, ಕಾರ್ಖಾನೆಗಳಲ್ಲಿ ಸವೆದ ಕನ್ವೇಯರ್ ಬೆಲ್ಟ್ ಅತ್ಯುತ್ತಮ. 12 ಮಿಮೀ ದಪ್ಪದ್ದು ಒಂದು ಕೋಣೆಗೆ ಸುಮಾರು 200 ಕೆಜಿ ಬೇಕು. ಬಟ್ಟೆಯ ಪದರದ್ದೇ ಕೇಳಿ. ಉಕ್ಕಿನ ತಂತಿಯದಾದರೆ ಕತ್ತರಿಸಿದ ಅಂಚಿನಿಂದ ತಂತಿ ಎದ್ದು ಗೊರಸಿಗೆ ಚುಚ್ಚುತ್ತದೆ. ನುಣುಪಾದ ಮೇಲ್ಮೈ ಒದ್ದೆಯಾದರೆ ಜಾರುವುದರಿಂದ ಮೇಲೆ ಮರದ ಸಿಪ್ಪೆಹೊಟ್ಟು ದಪ್ಪಗೆ ಇರಬೇಕು, ಆಗಾಗ ಬೆಲ್ಟ್ ಎತ್ತಿ ಅಡಿ ತೊಳೆಯಬೇಕು.

ಹೊಟ್ಟಿನ ಬದಲು ದನಕ್ಕೆ ಹಾಕುವಂತೆ ಕಾಡಿನ ದರಗು (ಉದುರಿದ ಒಣ ಎಲೆ) ತಂದು ಹಾಸಬೇಡಿ. ಒದ್ದೆಯಾದರೆ ಬೂಸಲು, ಒಣಗಿದರೆ ದೂಳು. ಜೊತೆಗೆ ಉಣುಗು ಬರುತ್ತದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಅದು ಮನುಷ್ಯರಿಗೆ ಹರಡುವುದು ಉಣುಗಿನಿಂದ, ದರಗು ಗುಡಿಸುವ ಬೇಸಿಗೆಯೇ ಅದರ ಕಾಲ.

ಹಳೇ ಆಸ್ಬೆಸ್ಟಾಸ್ ಶೀಟು ಪುಕ್ಕಟೆ ಕೊಟ್ಟರೂ ತರಬೇಡಿ. ಕೊಟ್ಟಿಗೆಯ ಮೇಲೆ ಈಗಾಗಲೇ ಇದ್ದರೆ ನೀರು ಚಿಮುಕಿಸಿ, ಒಡೆಯದೆ, ಗರಗಸ ಹಾಕದೆ ಇಡಿಯಾಗಿ ಇಳಿಸಿ.

ಕೊನೆಯದಾಗಿ ಸಾಗಣೆ. ಬೀಟೆ, ಸಾಗವಾನಿ ಇರುವ ಲೋಡಾದರೆ, ಹಳೇ ಮನೆಯದೇ ಆದರೂ, ಲಾರಿಗೆ ಹೇರುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಪರವಾನಗಿ ವಿಚಾರಿಸಿ. ಯಾವ ಮನೆಯದು ಎಂಬ ವಿವರವಿರುವ ರಸೀದಿ ಕೊಡಲು ಒಪ್ಪದವರ ಹತ್ತಿರ ಮರ ಕೊಳ್ಳಬೇಡಿ.