ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್: ನಾಲ್ಕು ವರ್ಷ ಬಳಸಿದ ಮೇಲೆ

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಸುವಾಗ ಪ್ರೊಸೆಸರ್‌ಗೂ ಎಸ್‌ಎಸ್‌ಡಿಗೂ ಅರ್ಧ ದಿನ ಚೌಕಾಸಿ ಮಾಡಿದೆ. ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಇಳಿಸಿಕೊಡುವ ಪವರ್ ಸಪ್ಲೈ ಡಬ್ಬಿ) ಬಗ್ಗೆ ಮಾತ್ರ ಬಾಯೇ ಬಿಡಲಿಲ್ಲ. "ಅದು ಕ್ಯಾಬಿನೆಟ್ ಜೊತೆಗೇ ಬರುತ್ತೆ ಸಾರ್, 450 ವ್ಯಾಟ್" ಅಂದರು. ಸ್ಟಿಕ್ಕರ್ ಮೇಲೂ ಹಾಗೇ ಇತ್ತು. ಕೈಗೆತ್ತಿಕೊಂಡರೆ ಖಾಲಿ ಟಿಫನ್ ಡಬ್ಬಿಯಷ್ಟು ಹಗುರ. ಆಗಲೇ ಅನುಮಾನ ಬರಬೇಕಿತ್ತು.

ಮೂರು ವರ್ಷ ತೊಂದರೆ ಕೊಡಲಿಲ್ಲ, ಸುಳ್ಳು ಹೇಳಬಾರದು. ನಾಲ್ಕನೇ ವರ್ಷದ ಮಳೆಗಾಲದಲ್ಲಿ ಆಟ ಶುರುವಾಯಿತು. ಬೆಳಿಗ್ಗೆ ಬಟನ್ ಒತ್ತಿದರೆ ವಿಂಡೋಸ್ ಲೋಗೋ ಬರುತ್ತೆ, ಕೆಳಗೆ ಚುಕ್ಕಿಗಳು ಎರಡು ಸುತ್ತು ತಿರುಗುತ್ತವೆ, ಟಕ್ ಅಂತ ಪರದೆ ಕಪ್ಪು. ಮತ್ತೆ ಮೊದಲಿಂದ. ಐದಾರು ಸಲ ಹೀಗೆ ಸತಾಯಿಸಿ ಒಮ್ಮೆ ಆನ್ ಆಯಿತೆಂದರೆ ರಾತ್ರಿವರೆಗೂ ತಕರಾರಿಲ್ಲ.

ದಾರಿ ತಪ್ಪಿಸಿದ್ದೇ ಅದು. ಇಡೀ ದಿನ ಓಡುವ ಯಂತ್ರಕ್ಕೆ ಕರೆಂಟಿನ ಕಾಯಿಲೆ ಎಂದು ಯಾರಿಗೆ ಹೊಳೆಯುತ್ತೆ? ಒಂದು ಭಾನುವಾರ ವಿಂಡೋಸ್ ಹೊಸದಾಗಿ ಹಾಕಿದೆ. ಮಗಳ ರಬ್ಬರ್ ಕದ್ದು ರ್‍ಯಾಮ್‌ನ ಹಿತ್ತಾಳೆ ಬಣ್ಣದ ಅಂಚು ಉಜ್ಜಿದೆ. ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಿಸಿದೆ. ಏನೂ ಆಗಲಿಲ್ಲ. ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ 9 ಒತ್ತಿ, ತಾನಾಗಿ ರೀಸ್ಟಾರ್ಟ್ ಆಗುವುದನ್ನು ನಿಲ್ಲಿಸಿ ನೋಡಿದೆ. ತಪ್ಪು ವಿಂಡೋಸ್‌ನದಾಗಿದ್ದರೆ ನೀಲಿ ಪರದೆ ಬಂದು ಅಲ್ಲೇ ನಿಲ್ಲಬೇಕು. ನೀಲಿಯ ಸುಳಿವೇ ಇಲ್ಲ, ಮತ್ತದೇ ಟಕ್.

ಮಾರನೇ ದಿನ ಸುಮ್ಮನೆ ಬಯಾಸ್ (ವಿಂಡೋಸ್‌ಗೂ ಮೊದಲು ಏಳುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್ ಪರದೆ) ತೆರೆದಿಟ್ಟು ಕಾಫಿ ಕುಡಿಯುತ್ತಾ ಕೂತೆ. ಅಲ್ಲೂ ರೀಸ್ಟಾರ್ಟ್! ವಿಂಡೋಸ್ ಇನ್ನೂ ಎದ್ದೇ ಇಲ್ಲ, ಅದನ್ನು ಬೈದು ಏನು ಪ್ರಯೋಜನ? ಮಲ್ಟಿಮೀಟರ್ ತಂದು ಎಸ್‌ಎಂಪಿಎಸ್‌ನಿಂದ ಬರುವ ಹಳದಿ ವೈರ್ ಅಳೆದೆ. 12 ವೋಲ್ಟ್ ಇರಬೇಕಾದ್ದು, ಕಡಿಮೆಯೆಂದರೂ 11.4ಕ್ಕಿಂತ ಇಳಿಯಬಾರದು. ತೋರಿಸಿದ್ದು 11.1.

ರಿಪೇರಿ ಅಂಗಡಿಯಲ್ಲಿ ಎಸ್‌ಎಂಪಿಎಸ್ ಬಿಚ್ಚಿಸಿದೆ. (ನೀವೇ ಬಿಚ್ಚಲು ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತೆ.) "ನೋಡಿ ಸಾರ್, ಹೊಟ್ಟೆ ಉಬ್ಬಿಸಿಕೊಂಡು ಕೂತಿವೆ" ಎಂದು ಅವರು ತೋರಿಸಿದ ಮೂರು ಕೆಪಾಸಿಟರ್‌ಗಳ ತಲೆ ಪೂರಿಯಂತೆ ಎದ್ದಿತ್ತು, ಒಂದರಿಂದ ಕಂದು ರಸ ಒಸರಿತ್ತು. ಹಳತಾದ ಕೆಪಾಸಿಟರ್ ತಣ್ಣಗಿರುವಾಗ ಕೈಕೊಡುತ್ತೆ, ಬಿಸಿಯಾದರೆ ಹೇಗೋ ಸುಧಾರಿಸಿಕೊಳ್ಳುತ್ತೆ. ಬೆಳಗಿನ ರಂಪಕ್ಕೆ ಕಾರಣ ಅದೇ.

ಈಗ 80 ಪ್ಲಸ್ ಬ್ರಾಂಜ್ ಗುರುತಿರುವ (ಕರೆಂಟ್ ಕಡಿಮೆ ಪೋಲು ಮಾಡುತ್ತೆ ಎಂಬ ಪ್ರಮಾಣಪತ್ರ) 450 ವ್ಯಾಟಿನದು ಹಾಕಿಸಿ ಎಂಟು ತಿಂಗಳು. ಒಮ್ಮೆಯೂ ತಾನಾಗಿ ರೀಸ್ಟಾರ್ಟ್ ಆಗಿಲ್ಲ. ವೈರುಗಳು ಮಾತ್ರ ವಿಪರೀತ ಉದ್ದ, ಕ್ಯಾಬಿನೆಟ್ ಒಳಗೆ ಶಾವಿಗೆ ಗುಡ್ಡೆ.

ಹಳೆಯದಕ್ಕೆ ಐದಕ್ಕೆ ಎರಡು ಅಂಕ. ಎರಡೂ ಮೊದಲ ಮೂರು ವರ್ಷಕ್ಕೆ.