ಮನೆಯಲ್ಲಿ ಕಟ್ಟಿದ ಲೇಥ್‌ಗೆ ಸಿಎನ್‌ಸಿ ಹಾಕಿ ಮೂರು ವರ್ಷ

ಲೇಥ್ ಅಂದರೆ ಲೋಹದ ತುಂಡನ್ನು ತಿರುಗಿಸಿ ಟೂಲ್‌ನಿಂದ ಕಟ್ ಮಾಡುವ ಯಂತ್ರ, ಸಿಎನ್‌ಸಿ ಅಂದರೆ ಅದನ್ನು ಕಂಪ್ಯೂಟರ್‌ನಿಂದ ಓಡಿಸುವುದು. ನನ್ನ ಲೇಥ್ ರೆಡಿಮೇಡ್ ಅಲ್ಲ. ದಪ್ಪ ಉಕ್ಕಿನ ಚಾನೆಲ್ ವೆಲ್ಡ್ ಮಾಡಿ, ಒಳಗೆ ಎಪಾಕ್ಸಿ ಜೊತೆ ಸಣ್ಣ ಜಲ್ಲಿ ಕಲಸಿ ತುಂಬಿ, ಮೇಲ್ಭಾಗ ಗ್ರೈಂಡಿಂಗ್ ಮಾಡಿಸಿ ಬೆಡ್, ಅಂದರೆ ಲೇಥ್‌ನ ತಳ, ಮಾಡಿಕೊಂಡೆ. ಸ್ಪಿಂಡಲ್ (ತಿರುಗುವ ಮುಖ್ಯ ಶಾಫ್ಟ್) ಕೂರುವ ಹೆಡ್‌ಸ್ಟಾಕ್‌ನಲ್ಲಿ ಎರಡು 30206 ಟೇಪರ್ ರೋಲರ್ ಬೇರಿಂಗ್. ಜಾಬ್, ಅಂದರೆ ಕಟ್ ಮಾಡುವ ತುಂಡು, ಹಿಡಿಯಲು 100 ಮಿಮೀ ಚಕ್. ಸೆಂಟರ್‌ಗಳ ನಡುವೆ 350 ಮಿಮೀ ಜಾಗ. ಮುಕ್ಕಾಲು ಕಿಲೋವಾಟ್‌ನ ತ್ರೀ ಫೇಸ್ ಮೋಟರ್, ಅದರ ವೇಗ ಬದಲಿಸಲು ಒಂದು ವಿಎಫ್‌ಡಿ. ಹಲವು ವರ್ಷ ಹ್ಯಾಂಡಲ್ ತಿರುಗಿಸಿಯೇ ಕೆಲಸ ಮಾಡಿದೆ. ಮೂರು ವರ್ಷದ ಹಿಂದೆ ಇದಕ್ಕೆ ಸ್ಟೆಪ್ಪರ್ ಮೋಟರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವುದು), ಬಾಲ್ ಸ್ಕ್ರೂ (ನಟ್‌ನೊಳಗೆ ಗುಂಡುಗಳು ಉರುಳುವ ಸ್ಕ್ರೂ), ಕಂಪ್ಯೂಟರ್ ಎಲ್ಲ ಜೋಡಿಸಿದೆ.

ಈ ಕೆಲಸ ಮಾಡಿದವರು ಹೆಚ್ಚಾಗಿ ಮೊದಲ ಜಾಬ್ ಕಟ್ ಆದ ದಿನವೇ ವಿಮರ್ಶೆ ಬರೆದುಬಿಡುತ್ತಾರೆ. ಆ ದಿನದ ಖುಷಿ ಹಾಗಿರುತ್ತದೆ, ನನಗೂ ಇತ್ತು. ಆದರೆ ಯಾವುದು ಬಾಳಿಕೆ ಬಂತು, ಯಾವುದನ್ನು ಬಿಚ್ಚಿ ಬೇರೆ ಹಾಕಬೇಕಾಯಿತು ಅನ್ನೋದು ಗೊತ್ತಾಗೋಕೆ ಟೈಮ್ ಬೇಕು. ಮೊದಲೇ ಹೇಳಿಬಿಡುತ್ತೇನೆ: ಇಷ್ಟೆಲ್ಲ ಹಾಕಿದ್ದರಲ್ಲಿ ಲೇಥ್‌ನ ಗುಣವನ್ನೇ ಬದಲಿಸಿದ್ದು ಸ್ಪಿಂಡಲ್‌ನ ಹಿಂದೆ ಕೂತಿರುವ ಪುಟ್ಟ ಎನ್‌ಕೋಡರ್, ಅಂದರೆ ಸುತ್ತನ್ನು ಅಳೆಯುವ ಸೆನ್ಸರ್. ಅದನ್ನು ಆಮೇಲೆ ನೋಡೋಣ ಅಂತ ನಾನು ಮೊದಲು ಪಟ್ಟಿಯಿಂದಲೇ ಬಿಟ್ಟಿದ್ದೆ.

ಶುರುವಿನಲ್ಲಿ ಟೂಲನ್ನು ಸರಿಸುವ ಹಳೆಯ ಲೀಡ್ ಸ್ಕ್ರೂ, ಕಂಚಿನ ನಟ್ ಹಾಗೇ ಇಟ್ಟುಕೊಂಡು ಬರೀ ಮೋಟರ್ ಜೋಡಿಸಿದೆ. ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್‌ನಲ್ಲಿ ಸುಮಾರು ಕಾಲು ಮಿಲಿಮೀಟರ್ ಪ್ಲೇ, ಅಂದರೆ ಸಡಿಲ ಇತ್ತು. ಸಾಫ್ಟ್‌ವೇರ್‌ನಲ್ಲಿ ಆ ಸಡಿಲವನ್ನು ಸರಿದೂಗಿಸುವ ಬ್ಯಾಕ್‌ಲ್ಯಾಶ್ ಕಾಂಪೆನ್ಸೇಶನ್ ಇದೆಯಲ್ಲ, ಅಷ್ಟು ಸಂಖ್ಯೆ ತುಂಬಿದರೆ ಮುಗಿಯಿತು ಅಂದುಕೊಂಡೆ. ನೇರವಾದ ಶಾಫ್ಟ್ ಚೆನ್ನಾಗೇ ಬಂತು. ಆಮೇಲೆ 25 ಮಿಮೀ ಅಲ್ಯೂಮಿನಿಯಂ ಗುಂಡು ಕಟ್ ಮಾಡಿದೆ. ಗುಂಡಿನ ನಡುವೆ, ಅಗಲ ಅತಿ ಹೆಚ್ಚಿರುವ ಕಡೆ, ಸುತ್ತಲೂ ಒಂದು ಚಪ್ಪಟೆ ಪಟ್ಟಿ ಬಂತು. ಕಣ್ಣಿಗಿಂತ ಮೊದಲು ಉಗುರಿಗೆ ಸಿಗುತ್ತಿತ್ತು. ಟೂಲ್ ಹೊರಗೆ ಬರುತ್ತಾ ಬಂದು ಒಳಗೆ ತಿರುಗುವ ಜಾಗ ಅದು. ಸಂಖ್ಯೆ ಹೆಚ್ಚಿಸಿದೆ, ಪಟ್ಟಿ ಹೋಗಿ ಅಲ್ಲೊಂದು ಮೆಟ್ಟಿಲು ಬಂತು. ಕಡಿಮೆ ಮಾಡಿದೆ, ಪಟ್ಟಿ ಮತ್ತೆ ಬಂತು.

ಕಾರಣ ಆಮೇಲೆ ಹೊಳೆಯಿತು. ಕಟ್‌ನ ಒತ್ತಡ ಟೂಲನ್ನು ಯಾವಾಗಲೂ ಹೊರಗೆ ತಳ್ಳುತ್ತದೆ. ಸ್ಲೈಡನ್ನು ಒತ್ತಿ ಹಿಡಿಯುವ ಪಟ್ಟಿ, ಅಂದರೆ ಗಿಬ್‌ನ ಬಿಗಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಒಮ್ಮೆ ಒತ್ತಡ ಗೆಲ್ಲುತ್ತದೆ, ಒಮ್ಮೆ ಗಿಬ್ ಗೆಲ್ಲುತ್ತದೆ. ಸ್ಲೈಡ್ ಆ ಕಾಲು ಮಿಲಿಮೀಟರ್‌ನಲ್ಲಿ ಯಾವ ಕಡೆ ಒರಗಿ ಕೂತಿದೆ ಅಂತ ಕಂಪ್ಯೂಟರ್‌ಗೆ ಗೊತ್ತಾಗುವ ದಾರಿಯೇ ಇಲ್ಲ. ಪ್ಲೇ ಇರುವುದು ಕಬ್ಬಿಣದಲ್ಲಿ, ರಿಪೇರಿಯೂ ಅಲ್ಲೇ ಆಗಬೇಕು.

ಹಾಗಾಗಿ ಎಲ್ಲ ಬಿಚ್ಚಿದೆ. ಉದ್ದದ ಝಡ್ ಆಕ್ಸಿಸ್‌ಗೆ 1605 ಬಾಲ್ ಸ್ಕ್ರೂ, ಅಂದರೆ 16 ಮಿಮೀ ದಪ್ಪ, ಒಂದು ಸುತ್ತಿಗೆ 5 ಮಿಮೀ. ಅಡ್ಡದ ಎಕ್ಸ್‌ಗೆ 1204. ಎರಡೂ ಸಿ7 ದರ್ಜೆಯ ರೋಲ್ಡ್ ಸ್ಕ್ರೂ. ಈ ದರ್ಜೆಯಲ್ಲಿ 300 ಮಿಮೀ ಉದ್ದಕ್ಕೆ 0.05 ಮಿಮೀ ವ್ಯತ್ಯಾಸ ಇರಬಹುದು. ನಾನು ಮಾಡುವ ಸಣ್ಣ ಜಾಬ್‌ಗಳಿಗೆ ಅದು ಅಡ್ಡಿಯಾಗಲೇ ಇಲ್ಲ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಒಳ್ಳೆಯ ಸ್ಕ್ರೂ ತಂದು ಅದರ ತುದಿಗೆ ಸಾಮಾನ್ಯ ಬೇರಿಂಗ್ ಹಾಕಿದರೆ ಪ್ಲೇ ನಟ್‌ನಿಂದ ಬೇರಿಂಗ್‌ಗೆ ಜಾಗ ಬದಲಿಸುತ್ತದೆ ಅಷ್ಟೇ. ಒಂದು ತುದಿಗೆ ಉದ್ದಕ್ಕೆ ಬರುವ ಒತ್ತಡ ತಡೆಯುವ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ ಜೋಡಿ, ಬಿಗಿ ಕೊಟ್ಟು ಕೂರಿಸಬೇಕು. ಇನ್ನೊಂದು ತುದಿ ಸ್ಕ್ರೂ ಬಿಸಿಯಾಗಿ ಉದ್ದವಾದರೆ ಸರಿಯುವ ಹಾಗಿರಬೇಕು. ಈಗ ಡಯಲ್ ಗೇಜ್ ಇಟ್ಟು ಹಿಂದೆ ಮುಂದೆ ಓಡಿಸಿದರೆ ಎಕ್ಸ್‌ನಲ್ಲಿ ಅರ್ಧ ಗೀಟಿನಷ್ಟು, ಅಂದರೆ 0.005 ಮಿಮೀ ಆಸುಪಾಸು ಕಾಣುತ್ತದೆ. ಮೂರು ವರ್ಷದಲ್ಲಿ ಅದು ಜಾಸ್ತಿ ಆಗಿಲ್ಲ.

ಮೋಟರ್‌ಗಳು ನೆಮಾ 23 ಅಳತೆಯವು. ಸ್ಟೆಪ್ಪರ್ ಬಗ್ಗೆ ಹೊಸಬರು ಟಾರ್ಕ್ (ತಿರುಗಿಸುವ ಬಲ) ಒಂದನ್ನೇ ನೋಡುತ್ತಾರೆ. ಕವರ್ ಮೇಲೆ ಬರೆದಿರುವುದು ನಿಂತಾಗಿನ ಟಾರ್ಕ್. ಓಡುವಾಗ, ವೇಗ ಏರಿದ ಹಾಗೆ, ಅದು ಇಳಿಯುತ್ತಾ ಹೋಗುತ್ತದೆ. ನನ್ನ ಎಕ್ಸ್‌ಗೆ ಎರಡಕ್ಕೆ ಒಂದರ ಟೈಮಿಂಗ್ ಬೆಲ್ಟ್ ಇದೆ. ನಿಮಿಷಕ್ಕೆ 3000 ಮಿಮೀ ರಾಪಿಡ್ (ಕಟ್ ಮಾಡದೆ ಸರಿಯುವಾಗಿನ ವೇಗ) ಇಟ್ಟಾಗ ಮೋಟರ್ 1500 ಆರ್‌ಪಿಎಂ ತಿರುಗಬೇಕಿತ್ತು. ಆಗಾಗ ಸ್ಟೆಪ್ ತಪ್ಪುತ್ತಿತ್ತು. 1500 ಮಿಮೀಗೆ ಇಳಿಸಿದೆ. ಅಂದಿನಿಂದ ಒಂದು ಸಲವೂ ತಪ್ಪಿಲ್ಲ. ಇಷ್ಟು ಪುಟ್ಟ ಲೇಥ್‌ನಲ್ಲಿ ರಾಪಿಡ್‌ನಿಂದ ಉಳಿಯುವ ಸಮಯ ಕೆಲವು ಸೆಕೆಂಡ್, ಅದಕ್ಕಾಗಿ ಜಾಬ್ ಹಾಳು ಮಾಡಿಕೊಳ್ಳೋದು ಬೇಡ.

ಸಾಫ್ಟ್‌ವೇರ್ ಲಿನಕ್ಸ್‌ಸಿಎನ್‌ಸಿ. ಇದು ಅಮೆರಿಕದ ನಿಸ್ಟ್ ಸಂಸ್ಥೆಯಲ್ಲಿ ಇಎಂಸಿ ಅನ್ನುವ ಹೆಸರಲ್ಲಿ ಹುಟ್ಟಿದ್ದು, ಈಗಲೂ ಉಚಿತ. ಮೊದಲು ಆರ್ಡುಯಿನೋ ಉನೋ ಅನ್ನುವ ಪುಟ್ಟ ಬೋರ್ಡ್ ಮೇಲೆ ಓಡುವ ಗ್ರಬಲ್ ಸಾಫ್ಟ್‌ವೇರ್ ಯೋಚಿಸಿದ್ದೆ. ಮರ ಕೊರೆಯುವ ರೂಟರ್‌ಗೆ, ಸಣ್ಣ ಮಿಲ್ಲಿಂಗ್‌ಗೆ ಅದು ಚೆನ್ನಾಗಿದೆ. ಆದರೆ ಮೂಲ ಗ್ರಬಲ್‌ನಲ್ಲಿ ಸ್ಪಿಂಡಲ್ ಜೊತೆ ಝಡ್ ಹೊಂದಿಸಿ ಓಡಿಸುವ ಜಿ33, ಜಿ76 ಅನ್ನುವ ಆಜ್ಞೆಗಳು ಇಲ್ಲ. ಅಂದರೆ ಥ್ರೆಡ್ ಇಲ್ಲ. ಥ್ರೆಡ್ ಕಟ್ ಮಾಡಲಾಗದ ಲೇಥ್ ಅರ್ಧ ಲೇಥ್, ಅಲ್ವಾ?

ಇನ್ನು ಆ ಎನ್‌ಕೋಡರ್ ವಿಷಯ. ಮೊದಲು ತಂದಿದ್ದು ಒಂದು ಸುತ್ತಿಗೆ 600 ಪಲ್ಸ್‌ನದು. ಕಟ್ಟಿ, ವೈರ್ ಎಳೆದು, ಸ್ಕ್ರೀನ್ ಮೇಲೆ ಆರ್‌ಪಿಎಂ ಬಂದಾಗ ಕೆಲಸ ಆಯಿತು ಅಂದುಕೊಂಡೆ. ಜಿ76 ಕೊಟ್ಟೆ. ಸ್ಪಿಂಡಲ್ ತಿರುಗುತ್ತಲೇ ಇದೆ, ಟೂಲ್ ಅಲ್ಲಾಡುತ್ತಿಲ್ಲ. ಪ್ರೋಗ್ರಾಂ ಏನನ್ನೋ ಕಾಯುತ್ತಾ ನಿಂತಿದೆ. ಒಂದು ಸಂಜೆ ಪೂರ್ತಿ ಹುಡುಕಿದೆ. ಆ ಎನ್‌ಕೋಡರ್‌ನಲ್ಲಿ ಎ ಮತ್ತು ಬಿ ಸಿಗ್ನಲ್ ಮಾತ್ರ ಇತ್ತು. ಒಂದು ಸುತ್ತಿಗೆ ಒಮ್ಮೆ ಬರುವ ಇಂಡೆಕ್ಸ್, ಅಂದರೆ ಝಡ್ ಪಲ್ಸ್ (ಝಡ್ ಆಕ್ಸಿಸ್‌ಗೂ ಇದಕ್ಕೂ ಸಂಬಂಧವಿಲ್ಲ) ಇರಲಿಲ್ಲ. ಥ್ರೆಡ್ ಒಂದೇ ಸಲಕ್ಕೆ ಕಟ್ ಆಗುವುದಿಲ್ಲವಲ್ಲ. ಹತ್ತಾರು ಪಾಸ್ ಬೇಕು, ಪ್ರತಿ ಪಾಸ್‌ನಲ್ಲೂ ಟೂಲ್ ಅದೇ ಗೀಟಿಗೆ ಇಳಿಯಬೇಕು. ಎಲ್ಲಿಂದ ಶುರು ಅಂತ ತೋರಿಸುವುದು ಆ ಒಂದು ಪಲ್ಸ್. ಎನ್‌ಕೋಡರ್ ತರುವಾಗ ಎ, ಬಿ, ಝಡ್ ಮೂರೂ ಇದೆಯಾ ಅಂತ ನೋಡಿಯೇ ತನ್ನಿ. ಮತ್ತೆ ಸ್ಪಿಂಡಲ್‌ಗೆ ಒಂದಕ್ಕೊಂದರ ಲೆಕ್ಕದಲ್ಲಿ, ಹಲ್ಲಿರುವ ಬೆಲ್ಟ್‌ನಲ್ಲಿ ಕಟ್ಟಿ. ಜಾರುವ ಬೆಲ್ಟ್ ಇಲ್ಲಿಗೆ ಆಗಲ್ಲ.

ಎರಡನೆಯದು 1024 ಲೈನ್‌ನದು. ಕಂಪ್ಯೂಟರ್ ಅದನ್ನು ನಾಲ್ಕು ಪಟ್ಟು ಎಣಿಸುತ್ತದೆ, ಸುತ್ತಿಗೆ 4096. ಸ್ಪಿಂಡಲ್ 1000 ಆರ್‌ಪಿಎಂ ಓಡಿದರೆ ಸೆಕೆಂಡಿಗೆ 68,000ಕ್ಕೂ ಹೆಚ್ಚು ಎಣಿಕೆ. ಹಳೆಯ ಪ್ಯಾರಲಲ್ ಪೋರ್ಟ್‌ನಲ್ಲಿ ಸಾಫ್ಟ್‌ವೇರ್ ಇಷ್ಟು ಎಣಿಸಲಾರದು. ಹಾಗಾಗಿ ಈಥರ್ನೆಟ್‌ನಲ್ಲಿ ಜೋಡಿಸುವ ಮೆಸಾ ಕಂಪನಿಯ ಕಾರ್ಡ್ ಹಾಕಿದೆ. ಎಣಿಸುವುದು, ಸ್ಟೆಪ್ ಪಲ್ಸ್ ಕೊಡುವುದು ಎರಡನ್ನೂ ಕಾರ್ಡೇ ನೋಡಿಕೊಳ್ಳುತ್ತದೆ. ಈ ಕಾರ್ಡನ್ನು ಮೊದಲ ದಿನವೇ ತರಬೇಕಿತ್ತು.

ಮೊದಲ ಥ್ರೆಡ್ ಎಂ20 (20 ಮಿಮೀ ದಪ್ಪ), 1.5 ಪಿಚ್ (ಒಂದು ಸುತ್ತಿಗೆ 1.5 ಮಿಮೀ). ಮೈಲ್ಡ್ ಸ್ಟೀಲ್, 500 ಆರ್‌ಪಿಎಂ. ಅಂದರೆ ಝಡ್ ನಿಮಿಷಕ್ಕೆ 750 ಮಿಮೀ ಓಡಬೇಕು. ಆಳ 0.92 ಮಿಮೀ. ಮೊದಲ ಪಾಸ್‌ಗೆ ಕೂದಲೆಳೆಯಂಥ ಗೀಟು ಬಿತ್ತು. ಟೂಲ್ ಹಿಂದೆ ಸರಿಯಿತು, ವಾಪಸ್ ಬಂತು, ಒಂದು ಕ್ಷಣ ನಿಂತಿತು, ಮತ್ತೆ ಓಡಿತು. ಅದೇ ಗೀಟಿನಲ್ಲಿ! ಹತ್ತನೇ ಪಾಸ್ ಆದ ಮೇಲೆ ನಟ್ ತಂದು ಹಾಕಿದೆ. ಬೆರಳಿನ ತುದಿಯಲ್ಲಿ ತಿರುಗಿಸಿದರೆ ಕೊನೆಯವರೆಗೆ ನುಣ್ಣಗೆ ಹೋಯಿತು. ಗೇರ್ ಬದಲಿಸಿ, ಲೀಡ್ ಸ್ಕ್ರೂ ಕಚ್ಚುವ ಹಾಫ್ ನಟ್ ಹಿಡಿದು, ಶೋಲ್ಡರ್ (ಜಾಬ್ ದಪ್ಪವಾಗುವ ಅಂಚು) ಹತ್ತಿರ ಬಂದಾಗ ಉಸಿರು ಹಿಡಿದು ಬಿಡಿಸಿದವರಿಗೆ ಆ ಕ್ಷಣದ ಬೆಲೆ ಗೊತ್ತಾಗುತ್ತದೆ. ಕಟ್ ಭಾರವಾಗಿ ಸ್ಪಿಂಡಲ್ ಸ್ವಲ್ಪ ನಿಧಾನವಾದರೂ ಚಿಂತೆಯಿಲ್ಲ, ಝಡ್ ಅದರ ಜೊತೆಗೇ ನಿಧಾನವಾಗುತ್ತದೆ. ಒಂದು ಕಿವಿಮಾತು: ಥ್ರೆಡ್ ಶುರುವಾಗುವ ಜಾಗಕ್ಕಿಂತ ನಾಲ್ಕೈದು ಪಿಚ್ ಹಿಂದಿನಿಂದ ಓಡಿಸಿ. ಝಡ್ ವೇಗ ಹಿಡಿಯೋಕೆ ಅಷ್ಟು ಜಾಗ ಬೇಕು.

ಈ ಖುಷಿ ಎರಡು ತಿಂಗಳು. ಆಮೇಲೆ ಥ್ರೆಡ್ ಒಮ್ಮೊಮ್ಮೆ ದಪ್ಪಗೆ, ಒಮ್ಮೊಮ್ಮೆ ತೆಳ್ಳಗೆ ಬರತೊಡಗಿತು. ಟೂಲ್ ಬದಲಿಸಿದೆ, ಗಿಬ್ ಬಿಗಿ ಮಾಡಿದೆ. ಊಹೂಂ. ಕೊನೆಗೆ ಸ್ಪಿಂಡಲ್ ಸುಮ್ನೆ ಓಡಲು ಬಿಟ್ಟು ಒಂದು ಇಂಡೆಕ್ಸ್‌ನಿಂದ ಇನ್ನೊಂದಕ್ಕೆ ಎಷ್ಟು ಎಣಿಕೆ ಬರುತ್ತದೆ ಅಂತ ನೋಡಿದೆ. 4096 ಬರಬೇಕಿತ್ತು. 4096, 4096, 4101, 4093. ವಿಎಫ್‌ಡಿ ಎಬ್ಬಿಸುವ ಗದ್ದಲ ವೈರ್‌ನೊಳಗೆ ನುಗ್ಗುತ್ತಿತ್ತು. ಇದೇ ಕಾರಣಕ್ಕೆ ಸ್ಲೈಡ್ ಅಂಚು ದಾಟದಂತೆ ತಡೆಯುವ ಲಿಮಿಟ್ ಸ್ವಿಚ್ ಕೂಡ ಯಾರೂ ಮುಟ್ಟದೆ ಟ್ರಿಪ್ ಆಗುತ್ತಿತ್ತು. ಮೋಟರ್ ವೈರ್ ಶೀಲ್ಡ್ ಇರುವುದು ಹಾಕಿ, ಸಿಗ್ನಲ್ ವೈರ್‌ನಿಂದ ದೂರ ಎಳೆದೆ. ಎಲ್ಲ ಅರ್ತಿಂಗ್ ಒಂದೇ ಬೋಲ್ಟ್‌ಗೆ ತಂದೆ. ಸಿಗ್ನಲ್ ಕೇಬಲ್‌ನ ಶೀಲ್ಡನ್ನು ಕಂಟ್ರೋಲ್ ಬಾಕ್ಸ್ ಕಡೆ ಮಾತ್ರ ಅರ್ತ್ ಮಾಡಿದೆ. ಎನ್‌ಕೋಡರನ್ನು ಡಿಫರೆನ್ಶಿಯಲ್ ಔಟ್‌ಪುಟ್ (ಪ್ರತಿ ಸಿಗ್ನಲ್‌ಗೆ ಜೋಡಿ ವೈರ್) ಇರುವುದಕ್ಕೆ ಬದಲಿಸಿದೆ. ಸ್ವಿಚ್‌ಗಳಿಗೆ 5 ವೋಲ್ಟ್ ಬಿಟ್ಟು 24 ವೋಲ್ಟ್ ಕೊಟ್ಟೆ. ಅವತ್ತಿನಿಂದ ಎಣಿಕೆ 4096 ಬಿಟ್ಟು ಕದಲಿಲ್ಲ. ಇಡೀ ಕೆಲಸದಲ್ಲಿ ಹೆಚ್ಚು ದಿನ ತಿಂದದ್ದು ಈ ವೈರಿಂಗೇ. ನೀವು ಮಾಡುವುದಾದರೆ ಮೊದಲೇ ಹೀಗೆ ಎಳೆಯಿರಿ.

ದಿನನಿತ್ಯದ ಬಳಕೆ ಹೇಗಿದೆ? ಒಂದೇ ತರಹದ್ದು ಐದಕ್ಕಿಂತ ಹೆಚ್ಚು ಬೇಕಾದರೆ ತುಂಬಾ ಚೆನ್ನಾಗಿದೆ. ಟೇಪರ್, ರೇಡಿಯಸ್, ಗುಂಡು ಎಲ್ಲ ಸಲೀಸು. ಒಂದೇ ಒಂದು ಬುಶ್ ಬೇಕಾದಾಗ ಹ್ಯಾಂಡಲ್ ನೆನಪಾಗುತ್ತದೆ. ನಾನು ಎರಡೂ ಹ್ಯಾಂಡಲ್ ಕಿತ್ತುಹಾಕಿದ್ದೆ. ಒಂದು ವರ್ಷ ಕೀಬೋರ್ಡ್ ಬಾಣದ ಬಟನ್ ಒತ್ತಿ ಟೂಲ್ ಸರಿಸುತ್ತಿದ್ದೆ. ಒಮ್ಮೆ ಬಟನ್ ಒತ್ತಿದ್ದು ಒಂದು ಕ್ಷಣ ಹೆಚ್ಚಾಗಿ ಟೂಲ್ ತುದಿಯ ಇನ್‌ಸರ್ಟ್ ನೇರ ಚಕ್ ದವಡೆಗೆ ಹೊಡೆಯಿತು. ಆಮೇಲೆ ಸುತ್ತಿಗೆ 100 ಪಲ್ಸ್‌ನ ಕೈಚಕ್ರ ಹಾಕಿದೆ. ಒಂದು ಕ್ಲಿಕ್‌ಗೆ 0.01 ಮಿಮೀ. ಕೈಗೆ ಲೇಥ್ ವಾಪಸ್ ಸಿಕ್ಕಿತು.

ಎಕ್ಸ್‌ನಲ್ಲಿ ವ್ಯಾಸವೋ ತ್ರಿಜ್ಯವೋ ಅನ್ನೋದರಲ್ಲಿ ಎಚ್ಚರ. ಜಿ7 ಇದ್ದರೆ ಬರೆದ ಸಂಖ್ಯೆ ವ್ಯಾಸ, ಜಿ8 ಇದ್ದರೆ ತ್ರಿಜ್ಯ. ಜಿ7ರಲ್ಲಿ 1 ಮಿಮೀ ಕೊಟ್ಟರೆ ಡಯಲ್ ಗೇಜ್ ಅರ್ಧ ಮಿಮೀ ತೋರಿಸಬೇಕು. ಗೇಜ್ 1 ತೋರಿಸಿತು ಅಂದರೆ ಸ್ಕೇಲ್ ತಪ್ಪಿದೆ.

ಸುರಕ್ಷತೆ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಕೈಯಲ್ಲಿ ಓಡಿಸುವಾಗ ಟೂಲ್ ಸಿಕ್ಕಿಕೊಂಡರೆ ಹ್ಯಾಂಡಲ್‌ನಲ್ಲೇ ಗೊತ್ತಾಗುತ್ತದೆ. ಕಂಪ್ಯೂಟರ್‌ಗೆ ಗೊತ್ತಾಗಲ್ಲ, ಅದು ತಳ್ಳುತ್ತಲೇ ಇರುತ್ತದೆ. ಕಟ್ ಆಗಿ ಬರುವ ಲೋಹದ ಉದ್ದ ಸುರುಳಿ ಚಕ್‌ಗೆ ಸುತ್ತಿಕೊಂಡರೂ ನಿಲ್ಲುವುದಿಲ್ಲ. ಸುರುಳಿ ಮುರಿದು ಬೀಳುವ ಹಾಗೆ ಫೀಡ್ (ಒಂದು ಸುತ್ತಿಗೆ ಟೂಲ್ ಸರಿಯುವ ದೂರ) ಇಡಬೇಕು. ನನಗೆ ಮೈಲ್ಡ್ ಸ್ಟೀಲ್‌ನಲ್ಲಿ ಸುತ್ತಿಗೆ 0.12 ಮಿಮೀ ಆಸುಪಾಸು ಹೊಂದಿದೆ. ಎಮರ್ಜೆನ್ಸಿ ಬಟನ್ ಸಾಫ್ಟ್‌ವೇರ್‌ಗೆ ಸುದ್ದಿ ಮುಟ್ಟಿಸಿದರೆ ಸಾಲದು, ಕಾಂಟ್ಯಾಕ್ಟರ್ (ದೊಡ್ಡ ರಿಲೇ ಸ್ವಿಚ್) ಮೂಲಕ ಮೋಟರ್‌ಗಳ ಕರೆಂಟನ್ನೇ ಕಡಿಯಬೇಕು. ಲಿಮಿಟ್ ಸ್ವಿಚ್ ನಾರ್ಮಲಿ ಕ್ಲೋಸ್ಡ್ (ಒತ್ತದಿದ್ದಾಗ ಕರೆಂಟ್ ಹರಿಯುವಂಥದ್ದು) ಇರಲಿ, ವೈರ್ ಕಿತ್ತರೂ ಮೆಷಿನ್ ನಿಲ್ಲುತ್ತದೆ. ಚಕ್ ಥ್ರೆಡ್‌ನಲ್ಲಿ ಕೂರುವಂಥದ್ದಾದರೆ ಸ್ಪಿಂಡಲನ್ನು ತಟ್ಟನೆ ಬ್ರೇಕ್ ಮಾಡುವುದು, ಉಲ್ಟಾ ತಿರುಗಿಸುವುದು ಬೇಡ. ಚಕ್ ಬಿಚ್ಚಿಕೊಂಡು ಹಾರುತ್ತದೆ.

ಮೂರು ವರ್ಷದಲ್ಲಿ ಕೆಟ್ಟಿದ್ದು ಎರಡು. ಒಂದು ಸ್ಟೆಪ್ಪರ್ ಡ್ರೈವರ್ ಸುಟ್ಟಿತು. ಕಂಟ್ರೋಲ್ ಬಾಕ್ಸ್‌ನಲ್ಲಿ ಗಾಳಿ ಆಡುತ್ತಿರಲಿಲ್ಲ, ಈಗ ಫ್ಯಾನ್ ಮತ್ತು ಫಿಲ್ಟರ್ ಇದೆ. ಇನ್ನೊಂದು ಎಕ್ಸ್‌ನ ಬಾಲ್ ನಟ್. ಅದು ಚಕ್‌ನ ಹತ್ತಿರವೇ ಇರುವುದರಿಂದ ಸಣ್ಣ ಹಿತ್ತಾಳೆ ಚೂರುಗಳು ಒಳಗೆ ಹೋಗಿ ತಿರುಗುವಾಗ ಕರಕರ ಅನ್ನುತ್ತಿತ್ತು. ಬಿಚ್ಚಿ, ಗುಂಡುಗಳನ್ನೆಲ್ಲ ತೊಳೆದು, ಗ್ರೀಸ್ ಹಾಕಿ, ಮೇಲೆ ತಗಡಿನ ಮುಚ್ಚಳ ಕೂರಿಸಿದೆ. ಸೆಟ್ಟಿಂಗ್ ಫೋಲ್ಡರ್‌ನ ಕಾಪಿ ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೇನೆ.

ಬರೀ ಥ್ರೆಡ್‌ಗಾಗಿ ಯೋಚಿಸುತ್ತಿದ್ದರೆ ಪೂರ್ತಿ ಸಿಎನ್‌ಸಿ ಬೇಡ ಅಂತಲೇ ಹೇಳುತ್ತೇನೆ. ಎಲೆಕ್ಟ್ರಾನಿಕ್ ಲೀಡ್ ಸ್ಕ್ರೂ ಸಾಕು. ಒಂದು ಎನ್‌ಕೋಡರ್, ಒಂದು ಮೋಟರ್, ಒಂದು ಚಿಕ್ಕ ಬೋರ್ಡ್. ಹ್ಯಾಂಡಲ್‌ಗಳೂ ಉಳಿಯುತ್ತವೆ.

ನನ್ನ ಮೆಷಿನ್‌ನಲ್ಲಿ ಇನ್ನೂ ಸರಿಯಾಗದ್ದು ಹೆಡ್‌ಸ್ಟಾಕ್‌ನ ಬಿಸಿ. ಟೇಪರ್ ಬೇರಿಂಗ್ ಬಿಗಿ ಇರುವುದರಿಂದ ಮೊದಲ ಅರ್ಧ ಗಂಟೆಯಲ್ಲಿ ಜಾಬ್‌ನ ವ್ಯಾಸ ನಿಧಾನವಾಗಿ ಸರಿಯುತ್ತದೆ. ಬಿಸಿ ಒಂದು ಹದಕ್ಕೆ ಬಂದ ಮೇಲೆ ಇಡೀ ಬ್ಯಾಚ್ 0.02 ಮಿಮೀ ಒಳಗೆ ಬರುತ್ತದೆ. ಹಾಗಾಗಿ ಈಗ ಬೆಳಗ್ಗೆ ಬಂದ ಕೂಡಲೇ ಸ್ಪಿಂಡಲನ್ನು 600 ಆರ್‌ಪಿಎಂಗೆ ಬಿಟ್ಟು, ಅದು ಓಡುತ್ತಿರುವಾಗ ಆ ದಿನದ ಪ್ರೋಗ್ರಾಂ ಬರೆಯುತ್ತೇನೆ.