‘ಅಪ್‌ಗ್ರೇಡ್ ಆಗುತ್ತೆ’ ಅನ್ನೋ ಮಾತು ನಂಬಿ ಪಾಯಿಂಟ್ ವರ್ಗಾಯಿಸಬೇಡಿ

ಕ್ರೆಡಿಟ್ ಕಾರ್ಡಿನಲ್ಲಿ ಕೂಡಿದ ಪಾಯಿಂಟ್ ಕೊಟ್ಟು ವಿಮಾನದಲ್ಲಿ ಎಕಾನಮಿಯಿಂದ ಬ್ಯುಸಿನೆಸ್ ಕ್ಲಾಸ್‌ಗೆ ಹೋಗೋಣ ಅಂತ ಯಾರಾದರೂ ಅಂದುಕೊಂಡಿದ್ದರೆ, ಟಿಕೆಟ್ ಕೊಳ್ಳುವ ಮೊದಲು ಇದನ್ನು ಓದಿ. ಅದರಲ್ಲೂ ವಯಸ್ಸಾದವರನ್ನೋ, ಕಾಲು ಬೆನ್ನು ನೋವಿರುವವರನ್ನೋ ಕರೆದುಕೊಂಡು ಹೋಗುತ್ತಿದ್ದರೆ ದಯವಿಟ್ಟು ಪೂರ್ತಿ ಓದಿ. ನಾನು ಆರು ವರ್ಷ ಕೂಡಿಸಿದ ಪಾಯಿಂಟ್ ತೆಗೆದು ಕೊಟ್ಟೆ, ಅದರ ಮೇಲೆ ಜಾಸ್ತಿ ದುಡ್ಡು ಕೊಟ್ಟು ಟಿಕೆಟ್ ಕೊಂಡೆ, ಇಷ್ಟೆಲ್ಲಾ ಮಾಡಿಯೂ ಅಮ್ಮ 14 ಗಂಟೆ ಎಕಾನಮಿ ಸೀಟಿನಲ್ಲೇ ಕಾಲು ಮಡಚಿಕೊಂಡು ಕೂತರು.

ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ನಡೆಯುತ್ತಿದ್ದರು, ಮೆಟ್ಟಿಲೂ ಹತ್ತುತ್ತಿದ್ದರು. ಆದರೆ ಒಂದೇ ಕಡೆ ಒಂದು ಗಂಟೆಗಿಂತ ಜಾಸ್ತಿ ಕೂತರೆ ಮಂಡಿ ಬಿಗಿದುಕೊಂಡು ಪಾದ ಊದುತ್ತಿತ್ತು. ಅಕ್ಕನ ಮನೆಗೆ ಹೋಗಬೇಕಿತ್ತು. ಎರಡು ವಿಮಾನ, ಮೊದಲನೆಯದು ನಾಲ್ಕು ಗಂಟೆ, ಎರಡನೆಯದು 14 ಗಂಟೆ. ಆ ಉದ್ದದ ವಿಮಾನದ ಬ್ಯುಸಿನೆಸ್ ಕ್ಲಾಸ್‌ನಲ್ಲಿ ಸೀಟು ಪೂರ್ತಿ ಹಾಸಿಗೆಯಾಗುತ್ತದೆ, ಅಮ್ಮ ಕಾಲು ಚಾಚಿ ಮಲಗಬಹುದು, ನನಗೆ ಬೇಕಿದ್ದದ್ದು ಅಷ್ಟೇ. ದುಡ್ಡು ಕೊಟ್ಟು ಬ್ಯುಸಿನೆಸ್ ಟಿಕೆಟ್ ಕೊಳ್ಳುವ ಶಕ್ತಿ ಇರಲಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಮಾತ್ರ ಪಾಯಿಂಟ್ ಚೆನ್ನಾಗಿ ಕೂಡಿತ್ತು.

ವಿಮಾನ ಕಂಪನಿಗೆ ಫೋನ್ ಮಾಡಿದೆ. ‘ಪಾಯಿಂಟ್‌ನಲ್ಲಿ ಅಪ್‌ಗ್ರೇಡ್ ಮಾಡಬಹುದಾ?’ ಅಂತ ಕೇಳಿದೆ. ‘ಖಂಡಿತ ಮಾಡಬಹುದು, ಆದರೆ ಈ ಅಗ್ಗದ ಟಿಕೆಟ್‌ಗೆ ಆಗಲ್ಲ, ಅದರ ಮೇಲಿನದು ತಗೊಳ್ಳಿ’ ಅಂದರು. ನಾನು ಕೇಳಿದ್ದೇ ತಪ್ಪು ಪ್ರಶ್ನೆ ಅಂತ ಆಗ ಗೊತ್ತಾಗಲಿಲ್ಲ.

ಟಿಕೆಟ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಎಲ್ಲರೂ ಎಡವುವುದು ಇಲ್ಲೇ. ಎಕಾನಮಿ ಅಂದರೆ ಒಂದೇ ದರ ಅಲ್ಲ. ಒಂದೇ ಸಾಲಿನಲ್ಲಿ ಕೂತ ಮೂರು ಜನ ಮೂರು ಬೇರೆ ಬೇರೆ ದರ ಕೊಟ್ಟಿರುತ್ತಾರೆ, ಪ್ರತಿ ದರಕ್ಕೂ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಇದಕ್ಕೆ ಬುಕಿಂಗ್ ಕ್ಲಾಸ್ ಅಂತಾರೆ. ಸಾಮಾನ್ಯವಾಗಿ ವೈ ಅಂದರೆ ಪೂರ್ತಿ ದರದ ಎಕಾನಮಿ, ಬಿ ಮತ್ತು ಎಂ ಅದರ ಆಸುಪಾಸು, ಕೆಳಗಿನ ಅಕ್ಷರಗಳು ರಿಯಾಯಿತಿ ದರದವು. ಯಾವ ಅಕ್ಷರಕ್ಕೆ ಅಪ್‌ಗ್ರೇಡ್ ಕೊಡಬೇಕು ಅಂತ ಪ್ರತಿ ಕಂಪನಿಯೂ ತಾನೇ ತೀರ್ಮಾನ ಮಾಡುತ್ತದೆ. ಅತಿ ಅಗ್ಗದ ದರಗಳಿಗೆ ಹಲವು ಕಂಪನಿಗಳು ಕೊಡುವುದೇ ಇಲ್ಲ. ನಾನು ಫೋನಿನಲ್ಲಿ ಹೇಳಿದಂತೆ ಮೇಲಿನ ದರದ್ದೇ ಕೊಂಡೆ. ಅಗ್ಗದ ಟಿಕೆಟ್‌ಗಿಂತ ಸುಮಾರು ಮುಕ್ಕಾಲು ಪಾಲು ಜಾಸ್ತಿ ಆಯಿತು, ಅದೂ ಇಬ್ಬರಿಗೆ, ಹೋಗಿ ಬರುವುದಕ್ಕೆ.

ಆದರೆ ಟಿಕೆಟ್‌ಗೆ ಅರ್ಹತೆ ಇದ್ದರೆ ಕೆಲಸ ಅರ್ಧ ಮಾತ್ರ ಆದಂತೆ. ಇನ್ನರ್ಧ, ಆ ದಿನ ಆ ವಿಮಾನದಲ್ಲಿ ಅಪ್‌ಗ್ರೇಡ್‌ಗೆ ಅಂತಲೇ ಬ್ಯುಸಿನೆಸ್ ಸೀಟು ಬಿಟ್ಟಿರಬೇಕು. ದುಡ್ಡಿಗೆ ಮಾರುವ ಸೀಟಿನ ಲೆಕ್ಕ ಬೇರೆ, ಪಾಯಿಂಟ್‌ಗೆ ಕೊಡುವ ಸೀಟಿನ ಲೆಕ್ಕ ಬೇರೆ. ದುಡ್ಡು ಕೊಟ್ಟರೆ ಒಂಬತ್ತು ಸೀಟು ಸಿಗುವ ವಿಮಾನದಲ್ಲಿ ಪಾಯಿಂಟ್‌ಗೆ ಒಂದೂ ಇಲ್ಲದೆ ಇರಬಹುದು. ಕೊನೆ ಗಳಿಗೆಯವರೆಗೂ ಯಾರಾದರೂ ದುಡ್ಡು ಕೊಟ್ಟು ಕೊಳ್ಳಬಹುದು ಅಂತ ಕಂಪನಿ ಸೀಟು ಇಟ್ಟುಕೊಂಡೇ ಇರುತ್ತದೆ. ವ್ಯಾಪಾರ ಮಾಡುವವರು ಹಾಗೆ ಮಾಡುವುದು ಸಹಜವೇ, ಅದಕ್ಕೆ ನಾನು ಬೈಯುವುದಿಲ್ಲ. ಆದರೆ ‘ನಿಮ್ಮ ಟಿಕೆಟ್‌ಗೆ ಆಗುತ್ತೆ, ಸೀಟು ಮಾತ್ರ ಈಗ ಇಲ್ಲ’ ಅಂತ ಫೋನಿನಲ್ಲಿ ಒಂದು ಮಾತು ಹೇಳಿದ್ದರೆ ನಾನು ಅಷ್ಟು ದುಡ್ಡು ಸುರಿಯುತ್ತಿರಲಿಲ್ಲ.

ಎರಡನೇ ತಪ್ಪು ಪಾಯಿಂಟ್ ವರ್ಗಾವಣೆ. ಎಲ್ಲೋ ಓದಿದ ಹಳೇ ಪಟ್ಟಿಯಲ್ಲಿ ನಮ್ಮ ದಾರಿಗೆ ಒಬ್ಬರಿಗೆ 45,000 ಪಾಯಿಂಟ್ ಅಂತ ಇತ್ತು. ಇಬ್ಬರಿಗೆ 90,000. ಕಾರ್ಡಿನಿಂದ ವಿಮಾನ ಕಂಪನಿಯ ಖಾತೆಗೆ ಅಷ್ಟನ್ನೂ ಕಳಿಸಿದೆ. ಆಮೇಲೆ ಖಾತೆಯಲ್ಲಿ ನೋಡಿದರೆ ಒಬ್ಬರಿಗೆ 57,000 ಕೇಳುತ್ತಿದೆ! ಪಟ್ಟಿಯನ್ನೇ ತೆಗೆದುಹಾಕಿ, ದಿನಕ್ಕೊಂದು ವಿಮಾನಕ್ಕೊಂದು ಲೆಕ್ಕ ತೋರಿಸುವ ಪದ್ಧತಿ ಈಗ ತುಂಬಾ ಕಡೆ ಬಂದುಬಿಟ್ಟಿದೆ. ಅಮೆರಿಕದ ವಿಮಾನ ಕಂಪನಿಗಳಲ್ಲಿ ಡೆಲ್ಟಾ 2015ರಲ್ಲೇ ಪಟ್ಟಿ ತೆಗೆಯಿತು, ಯುನೈಟೆಡ್ ತನ್ನ ವಿಮಾನಗಳಿಗೆ 2019ರಲ್ಲಿ ತೆಗೆಯಿತು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಮೈಲ್ಸ್ ಯೋಜನೆ, ಅಂದರೆ ಹಾರಿದ ಮೈಲಿಗೆ ಪಾಯಿಂಟ್ ಕೊಡುವ ಯೋಜನೆ, ಶುರು ಮಾಡಿದಾಗ ಎಷ್ಟು ಮೈಲಿ ಹಾರಿದರೆ ಏನು ಸಿಗುತ್ತದೆ ಅಂತ ಜನಕ್ಕೆ ಮೊದಲೇ ಗೊತ್ತಿರುತ್ತಿತ್ತು. ಈಗ ಹಳೇ ಬರಹದಲ್ಲಿರುವ ಯಾವ ಸಂಖ್ಯೆಯನ್ನೂ ನಂಬಬೇಡಿ, ಆ ದಿನ ಲಾಗಿನ್ ಆಗಿ ನೋಡಿದ್ದೇ ಲೆಕ್ಕ. ನಾನು ಮತ್ತೆ 30,000 ಕಳಿಸಿದೆ. ಒಟ್ಟು 1,20,000. ಕಾರ್ಡಿನಿಂದ ಒಮ್ಮೆ ವಿಮಾನ ಕಂಪನಿಗೆ ಹೋದ ಪಾಯಿಂಟ್ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ಬೇರೆ ಕಂಪನಿಗೂ ಕಳಿಸಲಾಗುವುದಿಲ್ಲ. ಕಾರ್ಡಿನಲ್ಲಿ ಇರುವವರೆಗೂ ಹತ್ತು ದಾರಿ ಇರುತ್ತದೆ, ಕಳಿಸಿದ ಮೇಲೆ ಒಂದೇ.

ಅಪ್‌ಗ್ರೇಡ್ ಬಟನ್ ಒತ್ತಿದೆ. 1,14,000 ಪಾಯಿಂಟ್ ಆಗಲೇ ಕಟ್ ಆಯಿತು. ಪರದೆ ಮೇಲೆ ‘ನಿಮ್ಮ ವಿನಂತಿ ಸ್ವೀಕರಿಸಲಾಗಿದೆ’ ಅಂತ ಹಸಿರು ಟಿಕ್ ಬಂತು. ಅಮ್ಮನಿಗೆ ಆ ಸಂಜೆಯೇ ಹೇಳಿದೆ, ಮಲಗಿಕೊಂಡು ಹೋಗಬಹುದು ಅಂತ. ಅದು ವೇಟ್‌ಲಿಸ್ಟ್ ಅಂತ ಗೊತ್ತಾಗಿದ್ದು ಮೂರು ವಾರ ಆದ ಮೇಲೆ, ಸೀಟು ಆರಿಸಲು ಹೋದಾಗ.

ವೇಟ್‌ಲಿಸ್ಟ್ ಅಂದರೆ ಮೊದಲು ಬಂದವರಿಗೆ ಮೊದಲು ಅಂತ ನಾನು ತಿಳಿದಿದ್ದೆ. ಹಾಗಲ್ಲ. ಸಾಮಾನ್ಯವಾಗಿ ಮೊದಲು ಆ ಕಂಪನಿಯ ಮೇಲಿನ ದರ್ಜೆಯ ಸದಸ್ಯರು, ಪ್ಲಾಟಿನಂ ಗೋಲ್ಡ್ ಅಂತೆಲ್ಲಾ ಇರುತ್ತದಲ್ಲ, ಅವರು. ಆಮೇಲೆ ಟಿಕೆಟ್‌ನ ಅಕ್ಷರ ನೋಡುತ್ತಾರೆ. ಇವೆರಡೂ ಸಮ ಇದ್ದರೆ ಮಾತ್ರ ಯಾರು ಮೊದಲು ಕೇಳಿದ್ದು ಅಂತ. ನಾನು ಐದು ತಿಂಗಳ ಮೊದಲೇ ಕೇಳಿದ್ದೆ, ಹೊರಡುವ ಹಿಂದಿನ ದಿನ ಕೇಳಿದ ಗೋಲ್ಡ್ ಸದಸ್ಯರು ನನಗಿಂತ ಮುಂದೆ ಹೋದರು. ಇದರ ಜೊತೆಗೆ ಚೆಕ್‌ಇನ್ ಹೊತ್ತಿನಲ್ಲಿ ಕಂಪನಿಯೇ ಎಲ್ಲರಿಗೂ ‘ಇಷ್ಟು ದುಡ್ಡು ಕೊಡಿ, ಬ್ಯುಸಿನೆಸ್‌ಗೆ ಬನ್ನಿ’ ಅಂತ ಮೆಸೇಜ್ ಕಳಿಸುತ್ತದೆ. ಹಾಗೆ ದುಡ್ಡು ಕೊಟ್ಟವರಿಗೆ ಹೋದ ಸೀಟು ವೇಟ್‌ಲಿಸ್ಟ್‌ಗೆ ಬರುವುದೇ ಇಲ್ಲ.

ಇನ್ನೊಂದು, ನಾವಿಬ್ಬರೂ ಒಂದೇ ಬುಕಿಂಗ್‌ನಲ್ಲಿ ಇದ್ದೆವು. ಒಂದು ಸೀಟು ಖಾಲಿಯಾದರೆ ಇಬ್ಬರಿಗೂ ಸಾಲದು ಅಂತ ಸಿಸ್ಟಂ ನಮ್ಮನ್ನು ದಾಟಿ ಮುಂದಿನವರಿಗೆ ಕೊಡಬಹುದು ಅಂತ ನನಗೆ ಯಾರೂ ಹೇಳಲಿಲ್ಲ.

ಹೊರಡುವ ದಿನ ಬಂತು. ನಾಲ್ಕು ಗಂಟೆಯ ವಿಮಾನಕ್ಕೆ ಅಪ್‌ಗ್ರೇಡ್ ಆಯಿತು! ಅಮ್ಮ ಎಷ್ಟು ಖುಷಿಪಟ್ಟರು ಅಂದರೆ, ನನಗೂ ಇನ್ನೊಂದೂ ಆಗಿಯೇ ಆಗುತ್ತದೆ ಅನ್ನಿಸಿತು. ಆ ವಿಮಾನದ ಬ್ಯುಸಿನೆಸ್ ಅಂದರೆ ಸ್ವಲ್ಪ ಅಗಲದ ಸೀಟು, ಹಾಸಿಗೆ ಏನೂ ಅಲ್ಲ. ಪ್ರತಿ ವಿಮಾನಕ್ಕೂ ವೇಟ್‌ಲಿಸ್ಟ್ ಬೇರೆ ಬೇರೆ, ಬೇಕಾದ ಉದ್ದದ್ದು ಸಿಗದೆ ಬೇಡದ ಚಿಕ್ಕದ್ದು ಸಿಕ್ಕರೆ ಅದರ ಪಾಯಿಂಟ್ ಹೋಯಿತು ಅಂತಲೇ ಅರ್ಥ. ನಮ್ಮದು 24,000 ಹಾಗೆ ಹೋಯಿತು. ‘ಉದ್ದದ್ದು ಆದರೆ ಮಾತ್ರ ಚಿಕ್ಕದ್ದು ಮಾಡಿ’ ಅಂತ ಹೇಳುವ ಅವಕಾಶ ಅವರ ಸಿಸ್ಟಂನಲ್ಲಿ ಇರಲಿಲ್ಲ. ಚಿಕ್ಕದ್ದಕ್ಕೆ ನಾನು ಕೇಳಲೇಬಾರದಿತ್ತು.

ನಡುವಿನ ನಿಲ್ದಾಣದಲ್ಲಿ ಮೂರು ಗಂಟೆ ಕಾದೆವು. ಆ್ಯಪ್‌ನಲ್ಲಿ ಬ್ಯುಸಿನೆಸ್ ಕ್ಯಾಬಿನ್‌ನ ಸೀಟ್ ಮ್ಯಾಪ್ ತೆಗೆದು ನೋಡುತ್ತಲೇ ಇದ್ದೆ, ನಾಲ್ಕು ಸೀಟು ಖಾಲಿ ಕಾಣುತ್ತಿತ್ತು. ಗೇಟ್ ಕೌಂಟರ್‌ಗೆ ಹೋಗಿ ಕೇಳಿದೆ. ಅಲ್ಲಿದ್ದವರು ಒಳ್ಳೆಯವರು, ಅಮ್ಮನ ಕಾಲಿನ ವಿಷಯ ಕೇಳಿಸಿಕೊಂಡರು, ಪರದೆ ನೋಡಿ ‘ಪಟ್ಟಿಯಲ್ಲಿ ನೀವು ಏಳು ಮತ್ತು ಎಂಟು’ ಅಂದರು. ಸೀಟ್ ಮ್ಯಾಪ್‌ನಲ್ಲಿ ಖಾಲಿ ಅಂದರೆ ಇನ್ನೂ ಯಾರೂ ಆ ಸೀಟು ಆರಿಸಿಲ್ಲ ಅಂತ ಮಾತ್ರ, ಮಾರಾಟ ಆಗಿಲ್ಲ ಅಂತಲ್ಲ, ಅಂತಲೂ ಅವರೇ ವಿವರಿಸಿದರು. ಬೇರೆ ವಿಮಾನದಿಂದ ಬರುತ್ತಿದ್ದವರ ಸೀಟುಗಳಂತೆ ಅವು. ಬೋರ್ಡಿಂಗ್ ಶುರುವಾಯಿತು. ನಮ್ಮ ಹೆಸರು ಬರಲಿಲ್ಲ.

ಆ 14 ಗಂಟೆ ಹೇಗೆ ಕಳೆಯಿತು ಅಂತ ಜಾಸ್ತಿ ಬರೆಯಲು ಮನಸ್ಸಿಲ್ಲ. ಗಂಟೆಗೊಮ್ಮೆ ಅಮ್ಮನನ್ನು ಎಬ್ಬಿಸಿ ನಡುವಿನ ದಾರಿಯಲ್ಲಿ ಹಿಂದಿನವರೆಗೆ ನಡೆಸುತ್ತಿದ್ದೆ. ಏಳನೇ ಗಂಟೆ ಹೊತ್ತಿಗೆ ಪಾದ ಊದಿ ಚಪ್ಪಲಿ ಹಿಡಿಸಲಿಲ್ಲ. ‘ಪರವಾಗಿಲ್ಲ ಬಿಡು, ನೀನು ಸ್ವಲ್ಪ ಮಲಗು’ ಅಂತ ನನಗೇ ಹೇಳುತ್ತಿದ್ದರು. ಇಳಿದ ಮೇಲೆ ಗಾಲಿಕುರ್ಚಿ ಬೇಕಾಯಿತು, ಅಕ್ಕನ ಮನೆಯಲ್ಲಿ ನಾಲ್ಕು ದಿನ ಸರಿಯಾಗಿ ನಡೆಯಲಾಗಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದಾಗ ಹೊಟ್ಟೆ ಉರಿಯಿತು. ಟಿಕೆಟ್ ಕೊಂಡ ದಿನ ಅದೇ ದಾರಿಗೆ, ಅದೇ ವಿಮಾನಗಳಲ್ಲಿ, ಪೂರ್ತಿ ಪಾಯಿಂಟ್‌ನಲ್ಲೇ ಕೊಳ್ಳುವ ಬ್ಯುಸಿನೆಸ್ ಟಿಕೆಟ್ ಒಂದು ಇತ್ತು, 78,000 ಪಾಯಿಂಟ್ ಮತ್ತು ತೆರಿಗೆ. ನಾನು ನೋಡಿದ್ದೆ. ಒಂದೇ ಇದೆ, ಇಬ್ಬರಿಗೂ ಬೇಕಲ್ಲ ಅಂತ ಬಿಟ್ಟೆ. ಅದನ್ನು ಅಮ್ಮನಿಗೆ ತೆಗೆದುಕೊಂಡು, ನನಗೆ ಅತಿ ಅಗ್ಗದ ಎಕಾನಮಿ ಕೊಂಡಿದ್ದರೆ ದುಡ್ಡೂ ಉಳಿಯುತ್ತಿತ್ತು, ಪಾಯಿಂಟೂ ಉಳಿಯುತ್ತಿತ್ತು, ಸೀಟು ಆ ದಿನವೇ ಖಚಿತ. ಅಪ್‌ಗ್ರೇಡ್‌ಗೆ ಪಾಯಿಂಟ್ ಕಡಿಮೆ ಅಂತ ಕಾಣುತ್ತದೆ, ಆದರೆ ಅದರ ಕೆಳಗೆ ಜಾಸ್ತಿ ದರದ ಟಿಕೆಟ್ ಕೂತಿರುತ್ತದೆ, ಕೆಲವು ಕಡೆ ಪಾಯಿಂಟ್ ಜೊತೆಗೆ ಬೇರೆ ದುಡ್ಡೂ ಕೇಳುತ್ತಾರೆ. ಬ್ರಿಟನ್‌ನಿಂದ ಹೊರಡುವ ವಿಮಾನವಾದರೆ ಅಲ್ಲಿನ ಪ್ರಯಾಣಿಕರ ತೆರಿಗೆಯೇ ಮೇಲಿನ ಕ್ಲಾಸ್‌ಗೆ ಜಾಸ್ತಿ. ಎಲ್ಲಾ ಕೂಡಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಅಲ್ವಾ, ಅಷ್ಟು ಮಾಡಲು ಅರ್ಧ ಗಂಟೆ ಸಾಕು.

ದೂರು ಕೊಟ್ಟೆ. ‘ವೇಟ್‌ಲಿಸ್ಟ್ ಖಾತ್ರಿಯಲ್ಲ ಅಂತ ನಿಯಮದಲ್ಲಿದೆ’ ಅಂತ ಎರಡು ಸಾಲಿನ ಉತ್ತರ ಬಂತು. ನಿಜ, ಇತ್ತು, ಓದಬೇಕಿತ್ತು. ಕೆಲವರು ಯುರೋಪ್ ಒಕ್ಕೂಟದ 261/2004 ನಿಯಮ ಹೇಳುತ್ತಾರೆ, ಕೆಳಗಿನ ಕ್ಲಾಸ್‌ಗೆ ಇಳಿಸಿದರೆ ದೂರ ನೋಡಿಕೊಂಡು ಟಿಕೆಟ್ ದರದ 30, 50 ಅಥವಾ 75 ಶೇಕಡ ವಾಪಸ್ ಕೊಡಬೇಕು ಅಂತ. ಅದು ಕೊಂಡ ಕ್ಲಾಸ್‌ನಿಂದ ಕೆಳಗೆ ಇಳಿಸಿದರೆ ಮಾತ್ರ. ವೇಟ್‌ಲಿಸ್ಟ್‌ನಲ್ಲಿ ಕಾಯುತ್ತಾ ಉಳಿದವರು ಕೊಂಡಿದ್ದೂ ಎಕಾನಮಿ, ಕೂತಿದ್ದೂ ಎಕಾನಮಿ, ಆದ್ದರಿಂದ ಏನೂ ಸಿಗುವುದಿಲ್ಲ. ಉದ್ದದ ವಿಮಾನದ 90,000 ಪಾಯಿಂಟ್ ಹನ್ನೊಂದು ದಿನದ ಮೇಲೆ ಖಾತೆಗೆ ವಾಪಸ್ ಬಂತು. ಜಾಸ್ತಿ ಕೊಟ್ಟ ಟಿಕೆಟ್ ದುಡ್ಡು ಹೋದದ್ದೇ.

ನನಗಾಗದಿದ್ದರೂ ಅಕ್ಕನ ಸ್ನೇಹಿತರೊಬ್ಬರಿಗೆ ಆದದ್ದು ಕೋಡ್‌ಷೇರ್ ತೊಂದರೆ. ಒಂದು ಕಂಪನಿಯ ನಂಬರ್ ಇರುವ ಟಿಕೆಟ್, ಹಾರಿಸುವುದು ಇನ್ನೊಂದು ಕಂಪನಿ. ಇವರು ಅವರನ್ನು ಕೇಳಿ ಅಂತಾರೆ, ಅವರು ಇವರನ್ನು ಕೇಳಿ ಅಂತಾರೆ. ಟಿಕೆಟ್ ನಂಬರ್ 13 ಅಂಕಿ ಇರುತ್ತದೆ, ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಕಂಪನಿಯದ್ದು. 125 ಇದ್ದರೆ ಬ್ರಿಟಿಷ್ ಏರ್‌ವೇಸ್, 220 ಇದ್ದರೆ ಲುಫ್ತಾನ್ಸಾ, 618 ಇದ್ದರೆ ಸಿಂಗಾಪುರ್ ಏರ್‌ಲೈನ್ಸ್. ಪಾಯಿಂಟ್ ಇರುವ ಕಂಪನಿ, ಟಿಕೆಟ್ ಕೊಟ್ಟ ಕಂಪನಿ, ಹಾರಿಸುವ ಕಂಪನಿ ಮೂರೂ ಒಂದೇ ಇದ್ದರೆ ತಲೆನೋವು ಕಡಿಮೆ. ಸ್ಟಾರ್ ಅಲೈಯನ್ಸ್‌ನಂಥ ವಿಮಾನ ಕಂಪನಿಗಳ ಕೂಟದ ಬೇರೆ ಕಂಪನಿಯಲ್ಲಿ ಅಪ್‌ಗ್ರೇಡ್ ಬೇಕು ಅಂದರೆ ಸಾಮಾನ್ಯವಾಗಿ ವೈ, ಬಿ ಥರದ ಪೂರ್ತಿ ದರದ ಟಿಕೆಟ್ಟೇ ಇರಬೇಕು. ಟ್ರಾವೆಲ್ ಸೈಟ್ ಅಥವಾ ಏಜೆಂಟ್ ಮೂಲಕ ಕೊಂಡಿದ್ದರೆ ‘ಅವರ ಹತ್ತಿರವೇ ಮಾಡಿಸಿ’ ಅನ್ನುವುದೂ ಉಂಟು.

ಫೋನ್ ಮಾಡಿದರೆ ‘ಅಪ್‌ಗ್ರೇಡ್ ಮಾಡಬಹುದಾ’ ಅಂತ ಕೇಳಬೇಡಿ. ದಿನಾಂಕ, ವಿಮಾನದ ನಂಬರ್ ಹೇಳಿ, ‘ಇದರಲ್ಲಿ ಪಾಯಿಂಟ್ ಅಪ್‌ಗ್ರೇಡ್‌ಗೆ ಈಗ ಸೀಟು ಇದೆಯಾ, ಎಷ್ಟಿದೆ, ಯಾವ ಬುಕಿಂಗ್ ಕ್ಲಾಸ್ ಟಿಕೆಟ್ ಬೇಕು, ಈ ಕರೆಯಲ್ಲೇ ಕನ್ಫರ್ಮ್ ಮಾಡುತ್ತೀರಾ’ ಅಂತ ಕೇಳಿ. ಕನ್ಫರ್ಮ್ ಆಗುತ್ತದೆ ಅಂದರೆ ಮಾತ್ರ ಪಾಯಿಂಟ್ ಕಳಿಸಿ. ಕಳಿಸಿದ ಪಾಯಿಂಟ್ ಬರಲು ಕೆಲವೊಮ್ಮೆ ದಿನಗಳೇ ಹಿಡಿಯುತ್ತದೆ, ಅಲ್ಲಿಯವರೆಗೆ ಸೀಟು ಹಿಡಿದಿಡುತ್ತಾರಾ ಅಂತಲೂ ಕೇಳಿ. ‘ವೇಟ್‌ಲಿಸ್ಟ್ ಮಾಡುತ್ತೇವೆ, ಸಾಮಾನ್ಯವಾಗಿ ಆಗುತ್ತೆ’ ಅಂದರೆ ಇಲ್ಲ ಅಂತಲೇ ತಿಳಿಯಿರಿ.

ಬರುವಾಗಿನ ಪ್ರಯಾಣಕ್ಕೆ ನಾನು ವೇಟ್‌ಲಿಸ್ಟ್ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ, ರಾತ್ರಿ ನೋಡುತ್ತಿದ್ದೆ. ಹೊರಡಲು ಒಂಬತ್ತು ದಿನ ಇರುವಾಗ ಉದ್ದದ ವಿಮಾನದಲ್ಲಿ ಅಪ್‌ಗ್ರೇಡ್ ಸೀಟು ಒಂದು ಬಂತು, ಒಂದೇ ಒಂದು, 52,000 ಪಾಯಿಂಟ್. ಆ ಕ್ಷಣವೇ ಫೋನ್ ಮಾಡಿ ನಮ್ಮಿಬ್ಬರ ಬುಕಿಂಗ್ ಬೇರೆ ಬೇರೆ ಮಾಡಿಸಿ, ಅಮ್ಮನಿಗೆ ಮಾತ್ರ ಕನ್ಫರ್ಮ್ ಮಾಡಿಸಿದೆ. ಸೀಟ್ ನಂಬರ್ ಮೇಲ್‌ನಲ್ಲಿ ಬರುವವರೆಗೂ ಫೋನ್ ಇಡಲಿಲ್ಲ. ನಾನು ಹಿಂದೆ 41ನೇ ಸಾಲಿನಲ್ಲಿ ಕೂತೆ. ನಡುರಾತ್ರಿ ಸಿಬ್ಬಂದಿಯೊಬ್ಬರು ನನ್ನ ಹತ್ತಿರ ಬಂದು, ‘ನಿಮ್ಮ ಅಮ್ಮ ಚೆನ್ನಾಗಿ ಮಲಗಿದ್ದಾರೆ, ಹೇಳಿಬಿಡಿ ಅಂತ ಮಲಗುವ ಮೊದಲು ಹೇಳಿದ್ದರು’ ಅಂದರು. ಇಳಿದು ಬಂದಾಗ ಅಮ್ಮ ಬಾಗಿಲ ಆಚೆ ನಿಂತು ಕಾಯುತ್ತಿದ್ದರು, ಚಪ್ಪಲಿ ಹಾಕಿಕೊಂಡು.